ಅಪಘಾತದ ಪುಸ್ತಕ

"ಬೆರಳು ಕತ್ತರಿಸಿ ಹೋಯ್ತು ಅಂತ ಇಷ್ಟು ಹಸಿಹಸಿಯಾಗಿ ಬರೆದ್ರೆ ಹೇಗೆ ಮೇಷ್ಟ್ರೇ? 'ಅನ್‌ಪ್ಲಾನ್ಡ್ ಕಾಂಟ್ಯಾಕ್ಟ್' ಅಂತ ಹಾಕಿ. ಈಗ ಎಲ್ಲಾ ಕಡೆ ಹಂಗೇ ಬರೆಯೋದು."

ಪ್ರಚಾರ ವಿಭಾಗದ ಮೇಡಂ ಹೀಗೆಂದರೂ ಮೇಷ್ಟ್ರು ತಲೆಯೆತ್ತಲಿಲ್ಲ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರಟ್ಟಿನ ಡಬ್ಬಿ ಮಾಡುವ ಈ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತರು. ಇಂಗ್ಲಿಷ್ ಚೆನ್ನಾಗಿ ಬರೆಯುತ್ತಾರೆಂದು ಕೆಲಸಗಾರರು ಇಟ್ಟ ಹೆಸರು ಅದು. ಅಪಘಾತದ ಪುಸ್ತಕ ಅವರ ವಶದಲ್ಲಿತ್ತು. ಅದಕ್ಕೊಂದು ಪದ್ಧತಿ: ಪೆಟ್ಟಾದವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡು, ಕೆಳಗೆ ಇಂಗ್ಲಿಷಿಗೆ ಇಳಿಸಿ, ಎರಡನ್ನೂ ಅವನಿಗೆ ಓದಿ ಹೇಳಿ ರುಜು ಪಡೆಯಬೇಕು. ಮೇಲಿನ ಕಚೇರಿಯವರು ಓದುವುದು ಇಂಗ್ಲಿಷನ್ನು ಮಾತ್ರ. ಯಂತ್ರ ನಿಲ್ಲಬೇಕೋ ಓಡಬೇಕೋ ಎನ್ನುವುದು ಅದರ ಮೇಲೆಯೇ ತೀರ್ಮಾನ.

ಈ ಸಲ ಪೆಟ್ಟಾದವನು ಮೇಷ್ಟ್ರ ತಂಗಿಯ ಗಂಡ. ನಿನ್ನೆ ಬೆಳಿಗ್ಗೆ ಮೂರನೆಯ ಕಟಿಂಗ್ ಮಿಷಿನ್ನು ಅವನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತ್ತು.

"ಮೇಡಂ, ನಾಳೆ ಆ ಮಿಷಿನ್ ಮುಂದೆ ಯಾರು ಕೂರ್ತಾರೆ?"

"ಪ್ಯಾಕಿಂಗಿಂದ ಒಬ್ಬಳು ಬರ್ತಾಳೆ. ನೀವು ಹಿಂಗೆ ಬರೆದ್ರೆ ಮಿಷಿನ್ ಸೀಲ್ ಆಗುತ್ತೆ ಸಾರ್. ನಂಗೂ ಮೇಲಿಂದ ಒತ್ತಡ ಇರುತ್ತಲ್ವಾ?" ಎಂದು ಮೇಡಂ ಫೋನು ಮುಂದೆ ಹಿಡಿದಳು. "ನೋಡಿ, ಆಗಲೇ ಪೋಸ್ಟ್ ಹಾಕಿದೀವಿ. 'ಸೇಫ್ಟಿ ಕಡೆಗೆ ನಮ್ಮ ಜರ್ನಿ.' ಆರುನೂರು ಲೈಕ್."

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಇಂಗ್ಲಿಷ್ ಅವರಿಗೆ ಅನ್ನ ಕೊಟ್ಟ ಭಾಷೆ. ಡಿಕ್ಷನರಿಯ ಹಾಳೆ ಸವೆಸಿ, ಒಂದೊಂದು ಪದವನ್ನೂ ಬೆವರು ಸುರಿಸಿ ಕಲಿತಿದ್ದರು. ಈಗ ನೋಡಿದರೆ ಫೋನಿನಲ್ಲಿ ಬೆಳಿಗ್ಗೆ ಹುಟ್ಟಿದ ಪದ ಸಂಜೆಗೆ ಸುತ್ತೋಲೆಯಲ್ಲಿ ಬಂದು ಕೂರುತ್ತದೆ. ಕ್ಯಾಂಟೀನ್ ಮುಚ್ಚಿದರೆ ವೆಲ್‌ನೆಸ್. ಹನ್ನೊಂದು ಜನರನ್ನು ಮನೆಗೆ ಕಳಿಸಿದರೆ ಟ್ರಾನ್ಸಿಷನ್. ಜರ್ನಿಯಂತೆ, ಜರ್ನಿ! ಆಂಬುಲೆನ್ಸಿನಲ್ಲಿ ಹೋದದ್ದೂ ಜರ್ನಿಯೇ ಇರಬೇಕು. ಥೂ, ಇವರ ಬಾಯಿಗಿಷ್ಟು!

ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಅವರು ಎದ್ದೇಬಿಟ್ಟರು.

"ಐದು ಗಂಟೆಯೊಳಗೆ ಬೇಕು ಸಾರ್," ಎಂದು ಮೇಡಂ ಹಿಂದಿನಿಂದ ಕೂಗಿದಳು.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಭಾವಮೈದುನ ಮಲಗಿದ್ದ. ಬಲಗೈ ಬಿಳಿ ಬಟ್ಟೆಯ ಗಂಟಾಗಿತ್ತು. ತಂಗಿ ಸ್ಟೂಲನ್ನು ಅಣ್ಣನ ಕಡೆ ತಳ್ಳಿದಳು, ತಾನು ನಿಂತೇ ಇದ್ದಳು.

"ಅಣ್ಣ, ಒಂದು ಕೇಳ್ತೀನಿ. ಆ ಮಿಷಿನ್ನಿನ ಗಾರ್ಡ್ ಕಿತ್ತುಹೋಗಿದೆ, ಬ್ಲೇಡಿಗೆ ಕೈ ತಾಗುತ್ತೆ ಅಂತ ಇವರು ಮೂರು ತಿಂಗಳ ಹಿಂದೆ ನಿನ್ನ ಕೈಲೇ ಬರೆಸಿದ್ರಲ್ಲ. ಅವತ್ತು ಏನಂತ ಬರೆದೆ?"

ಆ ಪ್ರಶ್ನೆಗಾಗಿ ಮೇಷ್ಟ್ರು ನಿನ್ನೆಯಿಂದ ಕಾಯುತ್ತಿದ್ದರು. ಅವತ್ತು ಹೊಸ ನಮೂನೆಯ ಫಾರಂ ಬಂದಿತ್ತು. ತೊಂದರೆ, ಅಪಾಯ ಎಂಬ ಪದಗಳು ಬೇಡವೆಂದು ಸೂಚನೆಯಿತ್ತು. ತಾನೂ ಹೊಸ ಕಾಲದವನೇ ಎಂದು ತೋರಿಸುವ ಚಪಲಕ್ಕೆ ಅವರು ಸೊಗಸಾಗಿ ಒಂದು ಸಾಲು ಬರೆದಿದ್ದರು. ಮೇಲಿನ ಕಚೇರಿಯಿಂದ ಫೋನಿಗೆ ಚಪ್ಪಾಳೆಯ ಚಿತ್ರ ಬಂತು. 'ತಿಂಗಳ ಐಡಿಯಾ' ಎಂದು ಭಾವಮೈದುನನ ಫೋಟೋ ಗೋಡೆಗೇರಿತು. ಗಾರ್ಡ್ ಮಾತ್ರ ಬರಲಿಲ್ಲ.

"ಗಾರ್ಡ್ ಇಲ್ಲ ಅಂತ ಬರೀಲಿಲ್ಲ ಕಣಮ್ಮ. ಮೂರನೇ ಮಿಷಿನ್ನಲ್ಲಿ ಇಂಪ್ರೂವ್‌ಮೆಂಟ್ ಅಪರ್ಚುನಿಟಿ ಇದೆ ಅಂತ ಬರೆದೆ."

"ಹಂಗಂದ್ರೆ?"

"ಹಂಗಂದ್ರೆ ಏನೂ ಇಲ್ಲ."

ತಂಗಿ ಅವರ ಮುಖವನ್ನೇ ನೋಡಿದಳು. "ಏನೂ ಇಲ್ಲದ್ದನ್ನ ಬರೆಯೋಕೆ ನೀನೇ ಬೇಕಿತ್ತಾ? 'ನಿಮ್ಮಣ್ಣ ಬರೆದಿದಾರೆ, ಇನ್ನೇನು ಸರಿಯಾಗುತ್ತೆ' ಅಂತ ಇವರು ದಿನಾ ಅದರ ಮುಂದೆ ಕೂತ್ರು!"

"ಬಿಡೇ," ಎಂದ ಗಂಡ ಕ್ಷೀಣವಾಗಿ. "ಬಿಡಲ್ಲ," ಎಂದಳು ಅವಳು.

ಮೇಷ್ಟ್ರು ಪುಸ್ತಕದ ಹೊಸ ಹಾಳೆ ತೆರೆದು ಮೊಣಕಾಲ ಮೇಲಿಟ್ಟುಕೊಂಡರು. ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದರು. "ಮಿಷಿನ್ನಿಗೆ ಗಾರ್ಡ್ ಇರಲಿಲ್ಲ. ಇಲ್ಲ ಅಂತ ಇವನು ಮೂರು ತಿಂಗಳ ಹಿಂದೆಯೇ ಹೇಳಿದ್ದ. ಬರೆದುಕೊಂಡವನು ನಾನು. ಅದನ್ನು ಮುಚ್ಚಿಟ್ಟವನೂ ನಾನು. ಬ್ಲೇಡು ನಾಲ್ಕು ಬೆರಳು ಕತ್ತರಿಸಿತು. ನಾಳೆ ಇನ್ನೊಬ್ಬಳ ಬೆರಳು ಕತ್ತರಿಸುತ್ತದೆ."

"ಇದು ಮೇಲಕ್ಕೆ ಹೋದ್ರೆ ನಿಮ್ಮ ಕೆಲಸ ಹೋಗುತ್ತಲ್ಲ ಭಾವ," ಎಂದ ಮಲಗಿದ್ದವನು.

ತಂಗಿ ನರ್ಸಿನ ಮೇಜಿನಿಂದ ಸ್ಟ್ಯಾಂಪ್ ಪ್ಯಾಡ್ ಕೇಳಿ ತಂದಳು. ಗಂಡನ ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ, ಸಾಲಿನ ಕೆಳಗೆ ಒತ್ತಿಸಿ, ಸೆರಗಿನಿಂದ ಒರೆಸಿದಳು.

"ನೀನೂ ಹಾಕು," ಎಂದಳು ಅಣ್ಣನಿಗೆ.

ಮೇಷ್ಟ್ರು ರುಜು ಹಾಕಲು ಪೆನ್ನಿನ ಮುಚ್ಚಳ ತೆಗೆದರು. ಅವಳು ಪ್ಯಾಡನ್ನು ಅವರ ಹೆಬ್ಬೆರಳಿನ ಮುಂದೆ ಹಿಡಿದುಕೊಂಡೇ ನಿಂತಿದ್ದಳು.