ಮೈಗಳ್ಳನ ಊಟದ ಡಬ್ಬಿ

ಮೈದುನ ಮೈಗಳ್ಳನಾಗಿದ್ದಾನೆ ಎಂಬ ಗುಮಾನಿ ಅತ್ತಿಗೆಗೆ ಹತ್ತಿದ್ದು ಅವನ ಊಟದ ಡಬ್ಬಿಯಿಂದ. ಬೆಳಿಗ್ಗೆ ತುಂಬಿ ಕೊಟ್ಟದ್ದು ಸಂಜೆ ಲಾಂಡ್ರಿಯಿಂದ ಹಾಗೇ ವಾಪಸ್ಸು ಬರುತ್ತಿತ್ತು. ಕೇಳಿದರೆ ಹಸಿವಿಲ್ಲ, ತಲೆ ಭಾರ ಎನ್ನುತ್ತಿದ್ದ. ಅದೇ ಮನುಷ್ಯ ಮನೆಗೆ ನಡೆದು ಬಂದು ಸ್ವಲ್ಪ ಹೊತ್ತು ಹೊರಗೆ ಕೂತರೆ ಸಾಕು, ಗಬಗಬ ಉಂಡು ಅವಳ ಮಕ್ಕಳನ್ನು ಬೆನ್ನ ಮೇಲೆ ಹೊತ್ತು ಕುಣಿಯುತ್ತಿದ್ದ. ಇದೆಂಥ ತಲೆಭಾರ?

ಲಾಂಡ್ರಿಯಲ್ಲಿ ಗಂಡ ಗಲ್ಲೆಯ ಮೇಲೆ ಕೂರುತ್ತಿದ್ದ, ಇವಳು ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು, ಮೈದುನ ಹಿಂದಿನ ಕೋಣೆಯಲ್ಲಿ ಇದ್ದಿಲ ಪೆಟ್ಟಿಗೆ ಹಿಡಿದು ಇಸ್ತ್ರಿ ಮಾಡುತ್ತಿದ್ದ. ಅವನ ಕೈಯ ಓಟ ಕಂಡು ಗಿರಾಕಿಗಳೇ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದರು. ಈಗ ನೋಡಿದರೆ ಅಂಗಿಯ ಕಾಲರಿನ ಮೇಲೆ ಕೈಯಿಟ್ಟು ಗೋಡೆ ನೋಡುತ್ತ ನಿಂತುಬಿಡುತ್ತಾನೆ. ಪಕ್ಕದ ಚಪ್ಪಲಿ ರಿಪೇರಿಯವನಂತೂ ಎಕ್ಸ್‌ಪ್ರೆಸ್ಸು ಗೂಡ್ಸ್ ಗಾಡಿಯಾಯಿತಲ್ಲಮ್ಮ ಎಂದು ನಗಾಡಿದ್ದ.

ಗಂಡನ ಅನುಮಾನ ಇನ್ನೂ ಆಳದ್ದು. ರಸ್ತೆಯ ಕೊನೆಗೆ ಹೊಸ ಲಾಂಡ್ರಿ ಬಂದಿತ್ತು. ತಮ್ಮ ಅಲ್ಲಿ ಉಂಡು ಇಲ್ಲಿ ಕೆಲಸ ಕೆಡಿಸುತ್ತಿದ್ದಾನೆ, ಇಲ್ಲವಾದರೆ ಹೊಸದಾಗಿ ಸಿಕ್ಕ ಲಾಡ್ಜಿನ ಕೆಲಸದ ಬಿಳಿ ಬೆಡ್‌ಶೀಟುಗಳೇ ಏಕೆ ಸುಡಬೇಕು ಎಂಬುದು ಅವನ ಲೆಕ್ಕಾಚಾರ. ಇನ್ನೊಂದು ಸುಟ್ಟರೆ ತಮ್ಮನೆಂದೂ ನೋಡುವುದಿಲ್ಲ, ಅಂಗಡಿಯಿಂದಾಚೆಗೆ ಎಂದು ಹೇಳಿಬಿಟ್ಟಿದ್ದ.

ಅತ್ತೆಯೊಬ್ಬಳೇ ಒಪ್ಪಿರಲಿಲ್ಲ.

“ಮೈಗಳ್ಳ ಅನ್ನಬೇಡ ಕಣೇ. ಅವನಿಗೆ ಜಡ ಹಿಡಿದಿದೆ.”

“ಎರಡೂ ಒಂದೇ ಅಲ್ವಾ ಅತ್ತೆ? ಕೆಲಸ ಆಗಲ್ಲ, ಅಷ್ಟೇ ತಾನೆ.”

“ಮೈಗಳ್ಳ ಊಟದ ಹೊತ್ತಿಗೆ ಎಲ್ಲರಿಗಿಂತ ಮುಂಚೆ ಎದ್ದು ಕೂರ್ತಾನೆ. ಜಡ ಹಿಡಿದೋನಿಗೆ ಊಟಾನೂ ಬೇಡ.”

ಮಗನನ್ನು ಬಿಟ್ಟುಕೊಡದ ತಾಯಿಯ ಮಾತು ಎಂದು ಅತ್ತಿಗೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲ ಸಂದಿಯಲ್ಲಿ ಇಣುಕಿದಳು. ಅವನ ಜೇಬು ತಡಕಿದಳು, ಅಂಗಿ ಮೂಸಿದಳು. ಏನೂ ಸಿಗದಿದ್ದಾಗ ಗುಮಾನಿ ಇನ್ನಷ್ಟು ಬಲಿಯಿತು. ಇಷ್ಟು ಚೆನ್ನಾಗಿ ಮುಚ್ಚಿಡುವವನು ಸಾಮಾನ್ಯನಲ್ಲ.

ಒಂದು ದಿನ ಗಂಡ ಲಾಡ್ಜಿಗೆ ಹೋಗಿದ್ದಾಗ, ಮೈದುನನನ್ನು ಇದ್ದಿಲು ತರಲು ದೂರದ ಡಿಪೋಗೆ ಅಟ್ಟಿ ತಾನೇ ಇಸ್ತ್ರಿಗೆ ನಿಂತಳು. ಗಂಡ ಬರುವಷ್ಟರಲ್ಲಿ ಬೆಡ್‌ಶೀಟಿನ ರಾಶಿ ಮುಗಿಸಿ, ಕೆಲಸ ಮಾಡುವ ಮನಸ್ಸಿದ್ದರೆ ಆಗುತ್ತದೆ ಎಂದು ತೋರಿಸುವ ಹಟ. ಗಾಳಿಗೆ ಬೂದಿ ಹಾರೀತೆಂದು ಬಾಗಿಲು ಹಾಕಿಕೊಂಡಳು. ಕೆಂಡದ ಒಲೆ ಮೂಲೆಯಲ್ಲಿ ನಿಗಿನಿಗಿ ಉರಿಯುತ್ತಿತ್ತು.

ಅರ್ಧ ರಾಶಿ ಸರಸರ ಇಳಿಯಿತು. ಆಮೇಲೆ ಕೈ ನಿಧಾನವಾಯಿತು. ಊಟದ ಹೊತ್ತು ಮೀರಿತು. ಡಬ್ಬಿ ಎದುರಿಗೇ ಇತ್ತು, ಮುಚ್ಚಳ ತೆಗೆಯಬೇಕಲ್ಲ ಎನಿಸಿ ಬಿಟ್ಟಳು. ಸುಟ್ಟ ವಾಸನೆ ಬಂತು. ಪೆಟ್ಟಿಗೆ ಬೆಡ್‌ಶೀಟಿನ ಮೇಲೇ ಕೂತಿದೆ, ಎತ್ತಬೇಕು ಎಂಬುದೂ ಅವಳಿಗೆ ತಿಳಿಯಿತು. ಎತ್ತಿದರಾಯಿತು, ಎಂದುಕೊಂಡಳು. ಯಾರದೋ ಮನೆಯ ಬಟ್ಟೆ ಸುಡುತ್ತಿದ್ದ ಹಾಗಿತ್ತು.

ಬಾಗಿಲು ತಳ್ಳಿ ಪೆಟ್ಟಿಗೆ ಎತ್ತಿದವನು ಮೈದುನ. ಅವಳ ತೋಳು ಹಿಡಿದು ಬೀದಿಗೆ ಕರೆತಂದು ಕಟ್ಟೆಯ ಮೇಲೆ ಕೂರಿಸಿದ.

“ನಿಮಗೂ ಹಿಂಗೇ ಆಯ್ತಾ ಅತ್ತಿಗೆ?” ಎಂದು ಮೆಲ್ಲಗೆ ಕೇಳಿದ. “ನಾನೇ ಸರಿಯಿಲ್ಲ ಅಂದ್ಕೊಂಡಿದ್ದೆ.”

ಗಾಳಿ ಬಡಿದು ತಲೆ ಒಂದಿಷ್ಟು ತಿಳಿಯಾಗುತ್ತಿದ್ದಂತೆ ಅವಳಿಗೆ ಹಿಂದಿನ ಕೋಣೆಯ ಕಿಟಕಿ ನೆನಪಾಯಿತು. ಲಾಡ್ಜಿನ ಕೆಲಸ ಸಿಕ್ಕಾಗ, ಬಿಳಿ ಬಟ್ಟೆಯ ಮೇಲೆ ಬೂದಿ ಕೂರಬಾರದೆಂದು ಅದನ್ನು ಮುಚ್ಚಿ ಸಂದಿಗೆಲ್ಲ ಹಳೇ ಟವೆಲು ತುರುಕಿದವಳು ಅವಳೇ. ಕೆಂಡದ ಕೆಟ್ಟ ಗಾಳಿ ಹೊರಹೋಗಲು ದಾರಿಯೇ ಉಳಿದಿರಲಿಲ್ಲ. ಎಕ್ಸ್‌ಪ್ರೆಸ್ಸು ನಿಧಾನವಾದದ್ದೂ ಆಗಿನಿಂದಲೇ.

ಅಷ್ಟರಲ್ಲಿ ಗಂಡ ಬಂದ. ಸುಟ್ಟ ಬೆಡ್‌ಶೀಟು ಹಿಡಿದು ಸೀದಾ ತಮ್ಮನ ಕಡೆ ತಿರುಗಿದ.

“ಸುಟ್ಟಿದ್ದು ನಾನು,” ಎಂದಳು ಅವಳು.

ಗಂಡ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸಿದ. ಇಬ್ಬರೂ ಯಾವಾಗಿಂದ ಒಂದಾದಿರಿ ಎಂದು ಕೇಳಿದ.

“ಮೈಗಳ್ಳರು ಕೆಲಸ ಬೇಡ ಅಂತಾರೆ ರೀ. ನಂಗೆ ಬೇಡ ಅನ್ನೋದಕ್ಕೂ ಮನಸ್ಸಿರಲಿಲ್ಲ. ಅತ್ತೆ ಹೇಳಿದ ಜಡ ಇದೇ.”

ಅವನು ನಂಬಿದ ಹಾಗೆ ಕಾಣಲಿಲ್ಲ. ಅವಳು ಗೋಡೆ ಹಿಡಿದು ಒಳಗೆ ಹೋಗಿ ಟವೆಲುಗಳನ್ನು ಒಂದೊಂದಾಗಿ ಕಿತ್ತು ಕಿಟಕಿ ತೆರೆದಳು. ಗಾಳಿ ನುಗ್ಗಿತು. ಒಲೆಯ ಬೂದಿ ಎದ್ದು ಅವಳು ಇಸ್ತ್ರಿ ಮಾಡಿಟ್ಟ ಬಿಳಿ ರಾಶಿಯ ಮೇಲೆ ಉದುರಿತು. ಗಂಡ ಬಾಗಿಲಲ್ಲೇ ನಿಂತು ಅದನ್ನೇ ನೋಡಿದ. ಕಿಟಕಿ ಮುಚ್ಚು ಎನ್ನಲು ಬಾಯಿ ತೆರೆದವನು ಹೆಂಡತಿಯ ಬಿಳಿಚಿದ ಮುಖ ಕಂಡು ಒಳಗೆ ಬಂದ. ಕೆಂಡದ ಒಲೆಯನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಒಯ್ದಿಟ್ಟ.

ಕಟ್ಟೆಯ ಮೇಲೆ ಮೈದುನ ಅವಳ ಡಬ್ಬಿಯ ಮುಚ್ಚಳ ತೆಗೆದಿದ್ದ. ಅರ್ಧ ಅವಳಿಗೆ ಬಿಟ್ಟು ಉಣ್ಣುತ್ತಿದ್ದ.