ನೋಡಿದರೆ ನೀರಿನ ಹಾಗೇ

ನೀರು ಕುಡಿದು ಖಾಲಿಯಾದ ಬಾಟಲಿಯನ್ನು ಬಿಸಾಡಲು ನಮ್ಮ ಊರುಗಳಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಒಂದಕ್ಕೆ ಫಿನಾಯಿಲ್, ಇನ್ನೊಂದಕ್ಕೆ ಪೆಟ್ರೋಲ್, ಮತ್ತೊಂದಕ್ಕೆ ಕೆಲಸದ ಹೊತ್ತಿಗೆ ಕುಡಿಯುವ ನೀರು. ಬೆಳ್ತಂಗಡಿ ತಾಲೂಕಿನ ಗುಡ್ಡದ ಬದಿಯಲ್ಲಿ ರಬ್ಬರ್ ತೋಟ ಮಾಡಿಕೊಂಡಿರುವ ಸುಬ್ಬಯ್ಯ ಗೌಡರ ಮನೆಯಲ್ಲೂ ಹಾಗೆಯೇ ಇತ್ತು.

ಮರದಿಂದ ಇಳಿಸಿದ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ, ಒತ್ತಿ ಶೀಟ್ ಮಾಡಬೇಕಾದರೆ ಅದಕ್ಕೆ ಆಸಿಡ್ ಹಾಕಬೇಕು. ಆಸಿಡ್ ಕ್ಯಾನಿನ ಬಾಯಿ ದೊಡ್ಡದು, ಬಗ್ಗಿಸಿದರೆ ಚೆಲ್ಲುತ್ತದೆ. ಅದಕ್ಕೆ ಸುಬ್ಬಯ್ಯ ಸ್ವಲ್ಪ ನೀರಿಗೆ ಆಸಿಡ್ ಬೆರೆಸಿ, ಬಾಟಲಿಯಲ್ಲಿ ತುಂಬಿಸಿ, ಶೀಟ್ ಮಾಡುವ ಕೊಟ್ಟಿಗೆಯ ಮೋಟುಗೋಡೆಯ ಮೇಲೆ ಇಡುತ್ತಿದ್ದರು.

ಸೊಸೆ ಪ್ರಾಪ್ತಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವಳು ಒಮ್ಮೆ ಹೇಳಿದ್ದಳು. "ಮಾವ, ಕುಡಿಯುವ ಬಾಟಲಿಯಲ್ಲಿ ಆಸಿಡ್ ಇಡುವುದು ಬೇಡ."

"ಎಷ್ಟು ಕಾಲದಿಂದ ಇಡ್ತಾ ಇದ್ದೇನೆ ಮಗಾ, ಏನಾಗಿದೆ? ಯಾವುದು ಯಾವುದು ಅಂತ ನನಗೆ ಗೊತ್ತುಂಟು."

ಅವರಿಗೆ ಗೊತ್ತಿತ್ತು, ಸರಿ. ಅವರ ಹೆಂಡತಿ ಅಮ್ಮಣ್ಣಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸುಬ್ಬಯ್ಯ ಮೆಷಿನ್ ತಿರುಗಿಸುತ್ತಾ ಶೀಟ್ ಒತ್ತುತ್ತಿದ್ದರು. ಅಮ್ಮಣ್ಣಿ ಪಕ್ಕದಲ್ಲಿ ಹಾಲು ಹೆಪ್ಪುಗಟ್ಟಿಸುವ ಟ್ರೇ ತೊಳೆಯುತ್ತಿದ್ದರು. ಬೆವರು ಸುರಿಯುತ್ತಿತ್ತು. "ಸ್ವಲ್ಪ ನೀರು ಕೊಡು ಮಾರಾಯ್ತಿ" ಎಂದರು ಸುಬ್ಬಯ್ಯ. ಅಮ್ಮಣ್ಣಿ ಕೈ ಒರೆಸಿಕೊಂಡು, ಗೋಡೆಯ ಮೇಲಿದ್ದ ಬಾಟಲಿಯ ಮುಚ್ಚಳ ತೆಗೆದು, ಗಂಡನ ಕೈಗೆ ಕೊಟ್ಟರು. ರಬ್ಬರ್ ಕೊಟ್ಟಿಗೆಯ ಆ ವಾಸನೆಯಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ತಿಳಿಯುವುದಿಲ್ಲ. ಸುಬ್ಬಯ್ಯ ತಲೆ ಎತ್ತಿ ಒಂದು ದೊಡ್ಡ ಗುಟುಕು ಎಳೆದರು.

ಮರುಕ್ಷಣ ಅಷ್ಟನ್ನೂ ಉಗಿದರು. ಬಾಯಿ ಹಿಡಿದುಕೊಂಡು ನೆಲಕ್ಕೆ ಕೂತರು. ಅಮ್ಮಣ್ಣಿಯ ಕೂಗಿಗೆ ಪ್ರಾಪ್ತಿ ಓಡಿಬಂದಳು. ಪಕ್ಕದ ಮನೆಯ ಅಬ್ದುಲ್ಲ ಕೂಡ ಬೇಲಿ ದಾಟಿ ಬಂದರು.

"ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ, ಬೇಗ!" ಎಂದರು ಅಬ್ದುಲ್ಲ.

"ಬೇಡ ಅಬ್ದುಲ್ಲಾಕ! ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗ ಇನ್ನೊಮ್ಮೆ ಸುಡ್ತದೆ. ನೀವು ಗಾಡಿ ತೆಗೀರಿ. ಮಾವ, ಈ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಉಗೀರಿ. ಇನ್ನೊಮ್ಮೆ. ನುಂಗಬೇಡಿ."

ಅಬ್ದುಲ್ಲ ಆಟೋ ತಂದರು. ಪ್ರಾಪ್ತಿ ಆಸಿಡ್ ಕ್ಯಾನನ್ನೂ ಜೊತೆಗೆ ಇಟ್ಟುಕೊಂಡಳು. ಕುಡಿದದ್ದು ಏನು ಅಂತ ಡಾಕ್ಟರಿಗೆ ಕೂಡಲೇ ತಿಳಿಯಬೇಕಲ್ಲ.

ಹೆಚ್ಚಿನದನ್ನು ಉಗಿದದ್ದರಿಂದ ಜೀವ ಉಳಿಯಿತು. ತುಟಿ, ನಾಲಗೆ, ಗಂಟಲು ಬೆಂದಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಸುಬ್ಬಯ್ಯ ಮನೆಗೆ ಬಂದರು.

ಆದರೆ ಅಮ್ಮಣ್ಣಿ ಮೊದಲಿನ ಅಮ್ಮಣ್ಣಿಯಾಗಿ ಉಳಿಯಲಿಲ್ಲ. ಗಂಡ ನೀರು ಕೇಳಿದರೆ, "ಪ್ರಾಪ್ತೀ, ಮಾವನಿಗೆ ನೀರು ಕೊಡು" ಎಂದು ಒಳಗೆ ಹೋಗಿಬಿಡುವರು. ಬಡಿಸುವುದನ್ನೂ ಬಿಟ್ಟರು. ಒಂದು ಸಂಜೆ ಪ್ರಾಪ್ತಿ ಅಡುಗೆಮನೆಗೆ ಬಂದಾಗ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು.

"ನನ್ನ ಕೈಯಾರೆ ಕೊಟ್ಟೆನಲ್ಲ ಮಗಾ. ಸರಿಯಾಗಿ ನೋಡಿದ್ದರೆ ಗೊತ್ತಾಗ್ತಿತ್ತು. ನನ್ನ ಕಣ್ಣಿಗೆ ಏನಾಗಿತ್ತು?"

ಪ್ರಾಪ್ತಿ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿಸಿದಳು. ಅತ್ತೆಗೆ ಬೆನ್ನು ಹಾಕಿ ಒಂದಕ್ಕೆ ಉಪ್ಪು ಹಾಕಿ ಚೆನ್ನಾಗಿ ಕಲಸಿದಳು. ಆಮೇಲೆ ಎರಡನ್ನೂ ಚಾವಡಿಗೆ ತಂದು ಮಾವನ ಎದುರಿಗೇ ಇಟ್ಟಳು.

"ಅತ್ತೆ, ಉಪ್ಪಿರುವುದು ಯಾವುದು? ಮುಟ್ಟದೆ ಹೇಳಿ."

ಅಮ್ಮಣ್ಣಿ ಬಗ್ಗಿ ನೋಡಿದರು. ಪ್ರಾಪ್ತಿಯಿಂದ ಲೋಟಗಳನ್ನು ಬೆಳಕಿಗೆ ಹಿಡಿಸಿ ನೋಡಿದರು. "ಎರಡೂ ಒಂದೇ ಹಾಗೆ ಉಂಟು."

"ಮಾವ, ನೀವು ಹೇಳಿ."

ಸುಬ್ಬಯ್ಯ ಕನ್ನಡಕ ಹಾಕಿಕೊಂಡರು. ಅವರಿಗೂ ಆಗಲಿಲ್ಲ.

"ನನಗೂ ಆಗುವುದಿಲ್ಲ" ಎಂದಳು ಪ್ರಾಪ್ತಿ. "ಒಂದೇ ವಸ್ತು, ಬೇರೆ ಏನೂ ಸೇರಿಲ್ಲ ಅಂತಾದರೆ ಅದು ಶುದ್ಧ ವಸ್ತು. ಎರಡು ವಸ್ತು ಸೇರಿದರೆ ಮಿಶ್ರಣ. ಕೆಲವು ಮಿಶ್ರಣ ಕಣ್ಣಿಗೆ ಕಾಣ್ತದೆ. ಅಕ್ಕಿಯಲ್ಲಿ ಕಲ್ಲು ಇದ್ದರೆ ಹೆಕ್ಕಬಹುದು, ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಬಹುದು. ಆದರೆ ಕರಗಿದ್ದು ಕಾಣುವುದಿಲ್ಲ. ಪ್ರತಿ ಹನಿಯಲ್ಲೂ ಸಮವಾಗಿ ಸೇರಿಹೋಗಿರ್ತದೆ. ಸೋಸಿದರೂ ಬರುವುದಿಲ್ಲ. ಈ ಉಪ್ಪು ಹಾಗೆ. ಆ ಬಾಟಲಿಯಲ್ಲಿದ್ದ ಆಸಿಡ್ಡೂ ಹಾಗೆ."

"ನಮ್ಮ ಬಾವಿ ನೀರು ಶುದ್ಧವೇ ಅಲ್ವಾ?" ಎಂದರು ಸುಬ್ಬಯ್ಯ. ಸ್ವರ ಇನ್ನೂ ಒಡೆದಂತಿತ್ತು.

"ಕುಡಿಯಲಿಕ್ಕೆ ಒಳ್ಳೆಯದು ಮಾವ. ಆದರೆ ಮಣ್ಣಿನ ಲವಣ ಅದರಲ್ಲೂ ಕರಗಿರ್ತದೆ. ತಿಳಿಯಾಗಿದೆ ಅಂದರೆ ಶುದ್ಧ ಅಂತ ಅರ್ಥ ಅಲ್ಲ. ನೀವು ದಿನಾ ತರುವ ರಬ್ಬರ್ ಹಾಲೂ ಮಿಶ್ರಣವೇ. ನೋಡಲಿಕ್ಕೆ ಒಂದೇ, ಆಸಿಡ್ ಬಿದ್ದ ಮೇಲೆ ರಬ್ಬರೇ ಬೇರೆ, ನೀರೇ ಬೇರೆ."

"ಹಾಗಾದರೆ ರುಚಿ ನೋಡಿ ತಿಳಿಯಬೇಕಾ?"

"ನೀವು ನೋಡಿ ಆಯ್ತಲ್ಲ ಮಾವ."

ಸುಬ್ಬಯ್ಯ ನಗಲು ಹೋಗಿ, ತುಟಿ ಉರಿದು ಮುಖ ಹಿಂಡಿದರು. ಆಮೇಲೆ ಹೆಂಡತಿಯನ್ನು ನೋಡಿದರು.

"ಅಮ್ಮಣ್ಣಿ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಅದನ್ನು ನೀರಿನ ಬಾಟಲಿಗೆ ತುಂಬಿಸಿದ್ದು ಯಾರು? ನಾನು. ಈ ಹುಡುಗಿ ಹೇಳಿದಾಗ ಕೇಳದೆ ಇದ್ದದ್ದು ಯಾರು? ಅದೂ ನಾನು. ನೀನು ಬಾಯಾರಿದವನಿಗೆ ನೀರು ಕೊಟ್ಟೆ, ಅಷ್ಟೇ."

ಅಮ್ಮಣ್ಣಿಯ ಕಣ್ಣೀರು ತಾನಾಗಿ ಇಳಿಯಿತು. ಅವರು ಕಣ್ಣೊರೆಸಿಕೊಂಡು ಒಳಗೆ ಹೋಗಿ, ತಣ್ಣಗಾದ ಗಂಜಿತಿಳಿಯನ್ನು ಲೋಟಕ್ಕೆ ಬಗ್ಗಿಸಿ, ತಾವೇ ಗಂಡನ ಕೈಗೆ ಕೊಟ್ಟರು. ಸುಬ್ಬಯ್ಯ ನಿಧಾನಕ್ಕೆ, ಲೋಟದ ತಳ ಕಾಣುವವರೆಗೆ ಕುಡಿದರು.

ಮರುದಿನ ಸುಬ್ಬಯ್ಯ ಕೊಟ್ಟಿಗೆಯ ಬಾಟಲಿಗಳನ್ನೆಲ್ಲ ತಾವೇ ಹೊರಗೆ ಹಾಕಿದರು. ಆಸಿಡ್ ಈಗ ಅದರದ್ದೇ ಕ್ಯಾನಿನಲ್ಲಿ, ಬೀಗವಿರುವ ಪೆಟ್ಟಿಗೆಯಲ್ಲಿ ಉಂಟು. ಮೇಲೆ ಕೆಂಪು ಬಣ್ಣದಲ್ಲಿ 'ವಿಷ' ಎಂದು ಬರೆದದ್ದು ಅಮ್ಮಣ್ಣಿ. ಅಬ್ದುಲ್ಲ ಅದನ್ನು ನೋಡಿ ಹೋಗಿ, ತಮ್ಮ ಮನೆಯ ಬ್ಯಾಟರಿ ಆಸಿಡ್ಡಿಗೂ ಹಾಗೆಯೇ ಮಾಡಿದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಕೇಳಿ ಮುಗಿದ ಕೂಡಲೇ ನಿಮ್ಮ ಕೊಟ್ಟಿಗೆ, ಬಚ್ಚಲು, ಅಡುಗೆಮನೆಯ ಮೂಲೆಯನ್ನು ಒಮ್ಮೆ ನೋಡಿ ಬನ್ನಿ. ಆಸಿಡ್, ಕಳೆನಾಶಕ, ಫಿನಾಯಿಲ್ ಯಾವುದೇ ಇರಲಿ, ಕುಡಿಯುವ ಬಾಟಲಿಯಲ್ಲಿ ಬೇಡ. ಹೆಸರು ಬರೆದು ಬೀಗ ಹಾಕಿಡಿ. ಹೆಸರಿಲ್ಲದ ಬಾಟಲಿಯನ್ನು ಮೂಸಿಯೂ ನೋಡಬೇಡಿ, ರುಚಿಯೂ ನೋಡಬೇಡಿ. ಯಾರಾದರೂ ಆಸಿಡ್ ಕುಡಿದರೆ ವಾಂತಿ ಮಾಡಿಸಬೇಡಿ. ನೀರಿನಲ್ಲಿ ಬಾಯಿ ಮುಕ್ಕಳಿಸಿ ನುಂಗದೆ ಉಗಿಯಲು ಹೇಳಿ, ಕ್ಯಾನ್ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಮವರು ಬಾಯಾರಿ ಕೇಳಿದಾಗ, ನೀವು ನಂಬಿಕೆಯಿಂದ ಕೊಡುವುದು ನೀರೇ ಆಗಿರಲಿ.