ಹತ್ತಿ ಹೊಲಕ್ಕೆ ಬಂದ ಸಾಲಿ

ಸುಮಂಗಲಾ ಟೀಚರನ್ನು ಕಂಡರೆ ಕುರುಗೋಡಿನ ನಮ್ಮ ಓಣಿಯ ಮಕ್ಕಳು ಮೊದಲು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರೂ ಸಾಲಾಗಿ ನಿಂತು ಕೈ ಚಾಚಬೇಕು. ಉಗುರು ಬೆಳೆದಿದ್ದರೆ ಟೀಚರು ಬ್ಯಾಗಿನಿಂದ ನೇಲ್ ಕಟರ್ ತೆಗೆದು ತಾವೇ ಕತ್ತರಿಸಿ, "ಇದೇನ್ ಕೈಯೋ, ಕರಡಿ ಪಂಜೋ" ಎಂದು ಬೈದು, ತಲೆ ಸವರಿ ಕಳಿಸುವರು. ದಿನಾ ಸಿರುಗುಪ್ಪದಿಂದ ಬಸ್ಸಿಗೆ ಬರುತ್ತಿದ್ದ ಹೆಂಗಸು. ಬಸ್ಸು ತಡವಾದರೆ ಡ್ರೈವರನಿಗೂ ಪಾಠ ಮಾಡಿ ಇಳಿಯುತ್ತಿದ್ದರು. ಪರರ ಮಕ್ಕಳ ಮೇಲೆ ಅವರಿಗಿದ್ದ ಆಸೆ ನನಗಂತೂ ನಾನು ಹೆತ್ತವುಗಳ ಮೇಲೂ ಇರಲಿಲ್ಲ.

ಆಮೇಲೆ ಕೊರೋನಾ ಬಂತು. ಸಾಲಿಗೆ ಬೀಗ ಬಿತ್ತು, ಬಸ್ಸು ನಿಂತಿತು. ಟೀಚರು ಅಲ್ಲಿ, ಮಕ್ಕಳು ಇಲ್ಲಿ. ಅದೇ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ಮಹಮ್ಮದ್ ಗೌಸ್ ಬಳ್ಳಾರಿಯಿಂದ ನಡೆದುಕೊಂಡೇ ಊರಿಗೆ ಬಂದ. ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದ, ಯೂನಿಟ್ಟು ಮುಚ್ಚಿತ್ತು. ಅದು ಮತ್ತೆ ತೆರೆಯಿತು, ಆದರೆ ಅವನನ್ನು ಯಾರೂ ಕರೆಯಲಿಲ್ಲ. ಅವನ ಹೆಂಡತಿ ಖುಷ್ಬೂ ನನ್ನ ಜೊತೆ ಕೂಲಿಗೆ ಬರುವವಳು. ಮಗಳು ಆಸ್ಫಿಯಾ ಆಗ ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುವ ಹುಚ್ಚು ಅವಳಿಗೆ ಆಗಷ್ಟೇ ಹತ್ತಿತ್ತು. ಸಂತೆಗೆ ಕರೆದುಕೊಂಡು ಹೋದರೆ ಗೊಬ್ಬರದ ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಬರಹ ಎಲ್ಲವನ್ನೂ ಒಂದೊಂದೇ ಅಕ್ಷರವಾಗಿ ಕೂಗುತ್ತ ನಡೆಯುವಳು. ನಮಗೆ ಮನೆ ಮುಟ್ಟುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತಿತ್ತು.

ವರ್ಷ ಕಳೆದರೂ ಸಾಲಿ ತೆರೆಯಲಿಲ್ಲ. ಆಗ ಬಳ್ಳಾರಿಯ ಒಂದು ಸಂಸ್ಥೆಯಿಂದ ಅರುಣಾ ಮೇಡಂ ಬಂದರು. ಸಂಕಷ್ಟದಲ್ಲಿರುವ ಮಕ್ಕಳಿಗೆ ದೂರದಿಂದಲೇ ಪಾಠ ಮುಟ್ಟಿಸುವ ಯೋಜನೆಯಂತೆ. ಸಾಲಿಯ ಬಾಗಿಲಿಗಿಂತ ದೊಡ್ಡ ಬ್ಯಾನರ್ ಕಟ್ಟಿ, ಐದು ಮಕ್ಕಳಿಗೆ ಒಂದರಂತೆ ಫೋನು ಹಂಚಿದರು. ನಮ್ಮ ಓಣಿಯ ಫೋನು ಆಸ್ಫಿಯಾಳ ಕೈಗೆ ಬಂತು. ಸುಮಂಗಲಾ ಟೀಚರು ಅವತ್ತು ಯಾರದೋ ಬೈಕಿನಲ್ಲಿ ಸಿರುಗುಪ್ಪದಿಂದ ಬಂದಿದ್ದರು. ಬಾಯಿಗೆ ಮಾಸ್ಕು, ಆದರೂ ದನಿ ಓಣಿಯ ಕೊನೆಗೆ ಕೇಳಿಸುತ್ತಿತ್ತು.

"ಸಾಲಿ ಬಂದ್ ಆಗೈತಿ ಅಂತ ಯಾರೂ ಅನಬ್ಯಾಡ್ರಿ. ಇವತ್ತಿನಿಂದ ಸಾಲಿ ಈ ಡಬ್ಬ್ಯಾಗ ಐತಿ. ಮಕ್ಕಳು ಎಲ್ಲಿರ್ತಾರೋ ಅಲ್ಲೇ ಸಾಲಿ. ತಿಳೀತಾ?"

ತಿಳಿಯಿತು ಎಂದು ಎಲ್ಲರೂ ತಲೆಯಾಡಿಸಿದೆವು. ಗೌಸ್ ಎಲ್ಲರಿಗಿಂತ ಜೋರಾಗಿ ಆಡಿಸಿದ.

ವಿಡಿಯೋ ಕಳಿಸಿದರೆ ನಮ್ಮ ಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಸಿಗದೆ ಅದು ಗಿರಗಿರ ತಿರುಗುತ್ತಲೇ ಇರುತ್ತಿತ್ತು. ಬಾಗಿಲು ತೆರೆಯದ ಮನೆಯ ಮುಂದೆ ನಿಂತಂತೆ ಮಕ್ಕಳು ಕಾದು ಕಾದು ಎದ್ದು ಹೋಗುವರು. ಟೀಚರು ಸುಮ್ಮನಿರುವ ಜಾತಿಯಲ್ಲ. ಬರೀ ದನಿಯಲ್ಲೇ ಪಾಠ ರೆಕಾರ್ಡ್ ಮಾಡಿ ಕಳಿಸತೊಡಗಿದರು. ನಮ್ಮ ಮಾತಿನಲ್ಲೇ ಕಥೆ ಹೇಳಿದಂತೆ ಹೇಳುವರು. ತುಂಗಭದ್ರೆ ಎಲ್ಲಿ ಹುಟ್ಟಿತು, ಕೆಂಚನಗುಡ್ಡದ ಹತ್ತಿರ ಹೇಗೆ ಹರಿಯಿತು, ಮಗ್ಗಿ, ಭಿನ್ನರಾಶಿ, ಎಲ್ಲ. ನಡುವೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಶಾಬಾಷ್! ಎಲ್ಲಾರೂ ಸರಿ ಹೇಳಿದ್ರಿ" ಎನ್ನುವರು. ಮಕ್ಕಳು ಸರಿ ಹೇಳಲಿ, ತಪ್ಪು ಹೇಳಲಿ, ಬಾಯಿಯೇ ಬಿಡದಿರಲಿ, ಶಾಬಾಷ್ ಬರುವುದೇ. ನಾವು ನಗುತ್ತಿದ್ದೆವು.

ಮುಂಗಾರು ಮುಗಿಯುತ್ತ ಬಂದಂತೆ ನಮ್ಮೂರ ರೈತ ದುರುಗಪ್ಪನ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ ಶುರುವಾಯಿತು. ಪ್ಯಾಟಿಯ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರವನ್ನು ಕಿತ್ತು, ಗುರುತಿಗೆ ಕೆಂಪು ಚೀಟಿ ಸಿಕ್ಕಿಸಬೇಕು. ಮರುದಿನ ಮುಂಜಾನೆ ಬೇರೆ ಗಿಡದ ಹೂವನ್ನು ತಂದು ಅದಕ್ಕೆ ಸವರಬೇಕು. ಉಗುರು ಆಳಕ್ಕೆ ಇಳಿದರೆ ಕಾಯಿ ಹೋಯಿತು. ಅದಕ್ಕೇ ಸಣ್ಣ ಬೆರಳಿನ ಹೆಣ್ಣು ಮಕ್ಕಳೇ ಬೇಕು ಎನ್ನುತ್ತಾರೆ. ಕೆಲಸಕ್ಕೆ ಹೋಗುವ ಹುಡುಗಿಯರು ಬಲಗೈ ಹೆಬ್ಬೆರಳಿನ ಉಗುರನ್ನು ತಿಂಗಳ ಮೊದಲೇ ಬಿಡುತ್ತಾರೆ, ಕುಡುಗೋಲು ಮಸೆದಿಟ್ಟುಕೊಂಡ ಹಾಗೆ. ಖುಷ್ಬೂ ಮಗಳನ್ನೂ ಕರೆತಂದಳು. ಸಾಲಿ ಇಲ್ಲ, ಮನೆಯಲ್ಲಿ ಗಂಡನಿಗೆ ಕೆಲಸವಿಲ್ಲ, ಹುಡುಗಿ ಸುಮ್ಮನೆ ಕೂತು ಏನು ಮಾಡಬೇಕು? ಖುಷ್ಬೂಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಅವತ್ತೂ ಬರಲಿಲ್ಲ, ಇವತ್ತೂ ಬರುವುದಿಲ್ಲ.

ಫೋನೂ ಆಸ್ಫಿಯಾಳ ಜೊತೆ ಹೊಲಕ್ಕೆ ಬಂತು. ಓಣಿಗಿಂತ ಅಲ್ಲೇ ನೆಟ್‌ವರ್ಕ್ ಚೆನ್ನಾಗಿತ್ತು. ದುಪಟ್ಟಾದಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಪಾಠ ಹಚ್ಚುವಳು. ಕೈಗೆ ಮೊಗ್ಗು, ಕಿವಿಗೆ ಟೀಚರು. ಹುಡುಗಿಯರೆಲ್ಲ ಅವಳ ಸುತ್ತಲಿನ ಸಾಲನ್ನೇ ಹಿಡಿಯಲು ಜಗಳವಾಡಿದರು. ದುರುಗಪ್ಪ ಮೊದಮೊದಲು ಮುಖ ಗಂಟು ಹಾಕಿಕೊಂಡ. ನಾಲ್ಕು ದಿನ ಕಳೆಯುವುದರಲ್ಲಿ ಅವನಿಗೆ ಲೆಕ್ಕ ಹತ್ತಿತು: ಪಾಠ ನಡೆಯುವಾಗ ಹುಡುಗಿಯರು ಹರಟುವುದಿಲ್ಲ, ನೀರು ಕುಡಿಯಲು ಏಳುವುದಿಲ್ಲ, ಕಿವಿಗೊಟ್ಟು ಬಗ್ಗಿ ಕೆಲಸ ಮಾಡುತ್ತಾರೆ. ಬಳ್ಳಾರಿಗೆ ಹೋಗಿ ತಾನೇ ಒಂದು ಸ್ಪೀಕರ್ ತಂದು ಬದುವಿನ ಜಾಲಿ ಗಿಡಕ್ಕೆ ಕಟ್ಟಿದ.

"ಹಚ್ಚಲೇ ಆಸ್ಪಿ, ನಿಮ್ಮ ಟೀಚರನ್ನ" ಎನ್ನುತ್ತಿದ್ದ. ಕೆಟ್ಟ ಮನುಷ್ಯನೇನೂ ಅಲ್ಲ. ತನ್ನ ಮಗಳನ್ನು ಬಳ್ಳಾರಿಯ ಹಾಸ್ಟೆಲ್ಲಿನಲ್ಲಿ ಇಟ್ಟಿದ್ದ.

ಸಂಜೆ ಆಸ್ಫಿಯಾ ಉತ್ತರಗಳನ್ನು ದನಿಯಲ್ಲೇ ಕಳಿಸುವಳು. ಒಂದೂ ತಪ್ಪಿರುತ್ತಿರಲಿಲ್ಲ. ಟೀಚರು ಹಿಗ್ಗಿ ಹೀರೇಕಾಯಿಯಾದರು. ಅರುಣಾ ಮೇಡಂ ಕಾರಿನಲ್ಲಿ ಬಂದು ಆಸ್ಫಿಯಾಳನ್ನು ಬದುವಿನ ಮೇಲೆ ನಿಲ್ಲಿಸಿ, ಹತ್ತಿ ಗಿಡ ಕಾಣದಂತೆ ಬರೀ ಆಕಾಶ ಕಾಣುವಂತೆ ವಿಡಿಯೋ ಹಿಡಿದರು. ಹುಡುಗಿ ಭಾರತದ ನದಿಗಳನ್ನೆಲ್ಲ ಪಟಪಟ ಹೇಳಿದಳು. "ಫೆಂಟಾಸ್ಟಿಕ್" ಎಂದರು ಮೇಡಂ. ಇದನ್ನು ನೋಡಿ ಇನ್ನೂ ಎಷ್ಟೋ ಊರುಗಳಿಗೆ ಇದೇ ಯೋಜನೆ ಹೋಗುತ್ತದಂತೆ.

ಟೀಚರ ತಲೆಯಲ್ಲಿ ಬೇರೆಯದೇ ಇತ್ತು. ಆಸ್ಫಿಯಾ ಈಗ ಲೆಕ್ಕಕ್ಕೆ ಐದನೇ ಕ್ಲಾಸು, ಐದನೇ ಕ್ಲಾಸಿನ ಮಕ್ಕಳಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬಂದಿತ್ತು. ಪಾಸಾದರೆ ಆರನೆಯಿಂದ ಊಟ, ಬಟ್ಟೆ, ಪುಸ್ತಕ, ಇರಲಿಕ್ಕೆ ಜಾಗ, ಎಲ್ಲ ಅಲ್ಲೇ. ಹತ್ತಿ ಹೊಲ ಮತ್ತೆ ನೋಡಬೇಕಾಗಿಲ್ಲ. ಆಸ್ಫಿಯಾ ದಾಟಬೇಕೆಂದರೆ ಇದೊಂದೇ ಸೇತುವೆ. ಬಸ್ಸು ಶುರುವಾಗಿತ್ತು, ಪರೀಕ್ಷೆಗೆ ವಾರವಿರುವಾಗ ಟೀಚರು ಹಾಲ್ ಟಿಕೆಟು, ಮಾದರಿ ಪ್ರಶ್ನೆಪತ್ರಿಕೆ ಹಿಡಿದು ನೇರ ಪ್ಲಾಟಿಗೇ ಬಂದರು. ಸ್ಪೀಕರಿನಲ್ಲಿ ಅವರದೇ ದನಿ ನಡೆದಿತ್ತು. ತಮ್ಮ ದನಿ ಕೇಳಿ ಅವರಿಗೆ ನಾಚಿಕೆಯೂ ಹೆಮ್ಮೆಯೂ ಆದಂತಿತ್ತು. ಬದುವಿನ ಮೇಲೆ ಕೂತು ಆಸ್ಫಿಯಾಳ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟರು.

"ಮೊದಲ್ನೇದು ಓದಿ ಉತ್ತರ ಹೇಳವ್ವ."

ಹುಡುಗಿ ಕಾಗದವನ್ನು ನೋಡಿದಳು. ಬೆರಳಿಟ್ಟಳು. ತುಟಿ ಅಲುಗಿತು. ಆಮೇಲೆ ಏನೂ ಸಂಕೋಚವಿಲ್ಲದೆ ಕಾಗದವನ್ನು ಟೀಚರಿಗೇ ತಿರುಗಿ ಕೊಟ್ಟಳು.

"ನೀವು ಓದ್ರಿ ಟೀಚರ್, ನಾ ಹೇಳ್ತೀನಿ."

"ಯಾಕ, ನೀ ಓದು."

"ಬ್ಯಾಡ್ರಿ. ನೀವು ಓದಿದ್ರ ಎಲ್ಲಾ ಬರ್ತೈತಿ."

ಟೀಚರು ಓದಿದರು. ಆಸ್ಫಿಯಾ ಹೇಳಿದಳು. ಮತ್ತೊಂದು ಓದಿದರು, ಅದನ್ನೂ ಹೇಳಿದಳು. ಎಲ್ಲ ಸರಿ. ಟೀಚರ ಮುಖ ಮಾತ್ರ ಬಿಳಿಚಿಕೊಳ್ಳುತ್ತ ಹೋಯಿತು. ಒಂದೂವರೆ ವರ್ಷ ಅವಳು ಒಂದು ಸಾಲು ಓದಿರಲಿಲ್ಲ. ಯಾರೂ ಓದು ಅಂದಿರಲಿಲ್ಲ. ಬೋರ್ಡು ಓದುತ್ತ ತಲೆ ತಿನ್ನುತ್ತಿದ್ದ ಹುಡುಗಿ ಯಾವಾಗ ಸುಮ್ಮನಾದಳೋ, ಅದು ನಮಗೂ ತಿಳಿದಿರಲಿಲ್ಲ. ಟೀಚರು ಪೆನ್ಸಿಲು ಕೊಟ್ಟು ಹೆಸರು ಬರೆ ಎಂದರು. ಹೆಬ್ಬೆರಳಿನ ಉದ್ದ ಉಗುರು ತೋರುಬೆರಳಿಗೆ ತಾಗಿ ಪೆನ್ಸಿಲು ಜಾರಿ ಮಣ್ಣಿಗೆ ಬಿತ್ತು. ಟೀಚರು ಅಭ್ಯಾಸಬಲದಿಂದ ಬ್ಯಾಗಿನಿಂದ ನೇಲ್ ಕಟರ್ ತೆಗೆದು ಅವಳ ಕೈ ಹಿಡಿದರು. ಆಸ್ಫಿಯಾ ಚೀರಿ ಕೈ ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು.

"ಉಗುರು ಹೋದ್ರ ನಾಳಿ ಕೆಲಸಕ್ಕ ತಗೊಳಾಂಗಿಲ್ರಿ!"

ಟೀಚರು ಗೌಸನ ಮನೆಗೆ ಹೋಗಿ, ಈ ಒಂದು ವಾರ ಹುಡುಗಿಯನ್ನು ನನ್ನ ಕೈಗೆ ಕೊಡಿ, ಓದಲು ಕಲಿಸುತ್ತೇನೆ ಎಂದು ಬೇಡಿಕೊಂಡರು. ಅವರು ಬೇಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಗೌಸ್ ತಲೆ ಎತ್ತಲಿಲ್ಲ.

"ಹೂವು ಒಂದು ದಿನ ತಡೀತಾವೇನ್ರಿ ಟೀಚರಮ್ಮ? ನಡುವ ಬಿಟ್ರ ದುರುಗಪ್ಪ ಬ್ಯಾರೇದವ್ರನ್ನ ತರ್ತಾನ. ಆಮ್ಯಾಲೆ ಅಕಿ ಅಮ್ಮಿ ಕೆಲಸಾನೂ ಹೋಗ್ತೈತಿ. ಪರೀಕ್ಷಿ ದಿನ ಕರ್ಕೊಂಡು ಹೋಗ್ರಿ, ಬ್ಯಾಡ ಅನ್ನಂಗಿಲ್ಲ."

ಪರೀಕ್ಷೆಯ ದಿನ ಖುಷ್ಬೂ ಪ್ಲಾಟು ಬಿಡುವಂತಿರಲಿಲ್ಲ. "ಎಲ್ಲಮ್ಮಕ್ಕ, ನೀ ಜೋಡಿ ಹೋಗು" ಎಂದಳು. ಟೀಚರು, ಹುಡುಗಿ, ನಾನು ಬಳ್ಳಾರಿಗೆ ಹೋದೆವು. ಬಸ್ಸಿನುದ್ದಕ್ಕೂ ಟೀಚರು ಕ, ಕಾ, ಕಿ ತಿದ್ದಿಸುತ್ತಿದ್ದರು. ಜೋರು ಮಳೆ ಹೊಯ್ಯುವಾಗ ಒಡ್ಡು ಹಾಕಲು ಹೋದಂತೆ. ಆಸ್ಫಿಯಾ ಮಾತ್ರ ಖುಷಿಯಲ್ಲಿದ್ದಳು. ಎಷ್ಟೋ ತಿಂಗಳ ಮೇಲೆ ಬಸ್ಸು ಹತ್ತಿದ್ದಳು, ಹಬ್ಬದ ಹಸಿರು ಚೂಡಿದಾರ್ ಹಾಕಿಕೊಂಡಿದ್ದಳು.

ಪರೀಕ್ಷೆ ಮುಗಿದ ಮೇಲೆ ಮಕ್ಕಳು ಬಿರುಗಾಳಿಯಂತೆ ಹೊರಬಿದ್ದರು. ಇವಳು ಕೊನೆಗೆ ಬಂದಳು.

"ಏನು ಮಾಡಿದಿ?" ಎಂದರು ಟೀಚರು.

"ಉತ್ತರದ ಹಾಳ್ಯಾಗಿನ ಎಲ್ಲಾ ಗುಂಡು ಪೆನ್ನಿಂದ ತುಂಬೀನ್ರಿ, ಒಂದೂ ಬಿಟ್ಟಿಲ್ಲ." ಸ್ವಲ್ಪ ತಡೆದು ಅಂದಳು: "ಬರೋವು ಇದ್ವೋ, ಬರಲಾರದವು ಇದ್ವೋ ಗೊತ್ತಾಗ್ಲಿಲ್ಲ ಟೀಚರ್. ಯಾರೂ ಓದಿ ಹೇಳ್ಲಿಲ್ಲ."

ಟೀಚರು ಅಲ್ಲೇ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. ಮಾಸ್ಕಿನೊಳಗೆ ಅತ್ತರೆ ಯಾರಿಗೂ ಕಾಣದು ಎಂದುಕೊಂಡರೋ ಏನೋ. ನನಗೆ ಕಂಡಿತು. ಯಾರನ್ನು ಬೈಯಬೇಕೋ ತಿಳಿಯದೆ, ಶೇಂಗಾ ಮಾರುವವನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದೆ.

ಆಯ್ಕೆಯಾದವರಲ್ಲಿ ಆಸ್ಫಿಯಾಳ ಹೆಸರು ಬರಲಿಲ್ಲ. ದಸರೆ ಕಳೆದ ಮೇಲೆ ಸಣ್ಣ ಮಕ್ಕಳ ಸಾಲಿಯೂ ತೆರೆಯಿತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಗಂಡು ಹುಡುಗರೆಲ್ಲ ಬಂದರು, ಪ್ಲಾಟಿನ ಹುಡುಗಿಯರು ಬರಲಿಲ್ಲ. ಟೀಚರು ಮತ್ತೆ ಗೌಸನ ಮನೆಗೆ ಬಂದು ನಿಂತರು. ಅವನು ಚಾಪೆ ಹಾಸಿ, ಚಹಾ ಮಾಡಿಸಿದ. ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ.

"ಇನ್ನೂ ಆರು ತಿಂಗಳು ಸಾಲಿ ಐತಿ. ನಾ ಮೊದಲಿಂದ ಓದಿಸ್ತೀನಿ. ಕಳಿಸ್ರಿ" ಎಂದರು ಟೀಚರು.

"ಸಾಲಿ ಬಿಡಿಸಿಲ್ಲಲ್ರಿ ಟೀಚರಮ್ಮ. ನೀವ ಹೇಳಿದ್ರಿ, ಮಕ್ಕಳು ಎಲ್ಲಿರ್ತಾರೋ ಅಲ್ಲೇ ಸಾಲಿ ಅಂತ. ಹೊಲದಾಗ ದಿನಾ ಪಾಠ ನಡದೈತಿ. ಕೆಲಸಾನೂ ಆಗ್ತೈತಿ, ಓದೂ ಆಗ್ತೈತಿ. ಮತ್ತ ಯಾಕ ಕಳಿಸ್ಬೇಕು?"

ಅವನು ಕುಹಕವಾಡಿದ್ದಲ್ಲ. ನಿಜವಾಗಿ ಕೇಳಿದ್ದ. ಟೀಚರು ಚಹಾ ಮುಟ್ಟದೆ ಎದ್ದರು.

ಅವತ್ತಿನಿಂದ ಪಾಠ ಕಳಿಸುವುದನ್ನೇ ನಿಲ್ಲಿಸಿದರು. ಡಬ್ಬಿ ಸುಮ್ಮನಾದರೆ ಹುಡುಗಿಯರು ತಾವಾಗಿ ಸಾಲಿಗೆ ಬಂದಾರು ಎಂಬ ಆಸೆ. ಹತ್ತು ಹನ್ನೆರಡು ದಿನ ಕಾದು, ಒಂದು ಮುಂಜಾನೆ ಪ್ಲಾಟಿಗೆ ಬಂದರು. ನಾನು ಹೂ ಸವರುತ್ತಿದ್ದೆ. ಜಾಲಿ ಗಿಡದ ಸ್ಪೀಕರಿನಲ್ಲಿ ಅವರ ಹಳೆಯ ಪಾಠ ನಡೆದಿತ್ತು. ದುರುಗಪ್ಪ ಎಲ್ಲವನ್ನೂ ತನ್ನ ಫೋನಿಗೆ ಹಾಕಿಸಿಕೊಂಡಿದ್ದ. ಹೊಸದು ಬೇಕಾಗಿರಲಿಲ್ಲ.

"ಆಸ್ಫಿಯಾ" ಎಂದು ಟೀಚರು ಬದುವಿನಿಂದ ಕರೆದರು. ಹುಡುಗಿ ಎದೆಮಟ್ಟದ ಗಿಡಗಳ ನಡುವೆ ನಿಂತಿದ್ದಳು, ತಿರುಗಲಿಲ್ಲ. ಕೇಳಿಸಲಿಲ್ಲವೇನೋ, ಸ್ಪೀಕರಿನ ಟೀಚರು ಇನ್ನೂ ಜೋರಾಗಿ ಮಾತಾಡುತ್ತಿದ್ದರು. "ತುಂಗಭದ್ರಾ ಕಡೀಗೆ ಯಾವ ನದಿ ಕೂಡತೈತಿ? ಹೇಳ್ರಿ ನೋಡೋಣ" ಎಂದು ಕೇಳಿ ಆ ದನಿ ಸುಮ್ಮನಾಯಿತು.

ಆ ಸುಮ್ಮನಾದ ಹೊತ್ತಿನಲ್ಲಿ ಬದುವಿನ ಮೇಲಿನ ಟೀಚರು ಮತ್ತೆ ಕರೆದರು. "ಆಸ್ಫಿಯಾ, ಸಾಲಿಗೆ ಬಾರವ್ವ."

ಈಗ ಕೇಳಿಸಿತು. ಆಸ್ಫಿಯಾ ತಿರುಗಿ ನೋಡಿ ನಕ್ಕಳು. ಗುಡ್ಡದ ಮಗ್ಗುಲಿನ ಸಾಲಿಯ ಕಡೆಗೊಮ್ಮೆ, ದುರುಗಪ್ಪನ ಕಡೆಗೊಮ್ಮೆ ನೋಡಿದಳು. ಮತ್ತೆ ಗಿಡಕ್ಕೆ ಬಗ್ಗಿದಳು.

"ಶಾಬಾಷ್!" ಎಂದಿತು ಸ್ಪೀಕರು. "ಎಲ್ಲಾರೂ ಸರಿ ಹೇಳಿದ್ರಿ."